ಜಾಕ್ ಡೆರಿಡಾ: ಮುಗಿಯದ ಪ್ರಜಾಪ್ರಭುತ್ವದ ಚಿಂತಕ

ನಿರಚನವಾದದ ಪ್ರವರ್ತಕನೆಂದು ಪ್ರಸಿದ್ಧನಾದ ಫ್ರೆಂಚ್ ತತ್ತ್ವಜ್ಞಾನಿ ಜಾಕ್ ಡೆರಿಡಾ 1930ರ ಜುಲೈ 15ರಂದು ಆಲ್ಜಿಯರ್ಸ್ ನಗರದ ಬಳಿಯ ಎಲ್ ಬಿಯಾರ್‌ನಲ್ಲಿ, ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದ. ಆಲ್ಜೀರಿಯಾ ಆಗ ಫ್ರಾನ್ಸಿನ ವಸಾಹತಾಗಿತ್ತು. ಅಲ್ಲಿನ ಯೆಹೂದಿಗಳಿಗೆ 1870ರ ಶಾಸನವೊಂದರಿಂದ ಫ್ರೆಂಚ್ ಪೌರತ್ವ ದೊರೆತಿತ್ತು. ಬಹುಸಂಖ್ಯಾತರಾದ ಮುಸ್ಲಿಮರು ಪೂರ್ಣ ಪೌರತ್ವವಿಲ್ಲದವರಾಗಿಯೇ ಉಳಿದಿದ್ದರು.

1940ರ ಅಕ್ಟೋಬರಿನಲ್ಲಿ ವಿಶಿ ಸರ್ಕಾರ ಆ ಶಾಸನವನ್ನು ರದ್ದುಗೊಳಿಸಿತು. ಆಲ್ಜೀರಿಯಾವನ್ನು ಜರ್ಮನ್ ಸೇನೆ ಆಕ್ರಮಿಸಿರಲಿಲ್ಲ. ಪೌರತ್ವವನ್ನು ಕೊಟ್ಟದ್ದೂ ಫ್ರೆಂಚ್ ಪ್ರಭುತ್ವ, ಕಸಿದುಕೊಂಡದ್ದೂ ಅದೇ. 1942ರಲ್ಲಿ ಶಾಲಾವರ್ಷದ ಮೊದಲ ದಿನವೇ, ಹನ್ನೆರಡು ವರ್ಷದ ಡೆರಿಡಾನನ್ನು ಯೆಹೂದಿಯೆಂಬ ಕಾರಣಕ್ಕೆ ಶಾಲೆಯಿಂದ ಹೊರಹಾಕಲಾಯಿತು. ಆ ನವೆಂಬರಿನಲ್ಲಿ ಮಿತ್ರಪಡೆಗಳು ಬಂದಿಳಿದ ಮೇಲೂ ಪೌರತ್ವ ಮರಳಲು ಸುಮಾರು ಒಂದು ವರ್ಷ ಹಿಡಿಯಿತು. ಕೆಲಸ ಕಳೆದುಕೊಂಡ ಯೆಹೂದಿ ಅಧ್ಯಾಪಕರ ಶಾಲೆಗೆ ಸೇರಿಸಿದಾಗ ಬಾಲಕ ಅಲ್ಲಿಗೂ ಹೋಗದೆ ತಪ್ಪಿಸಿಕೊಳ್ಳುತ್ತಿದ್ದ. ಹೊರದೂಡುವ ಸಮುದಾಯದಂತೆ, ತನ್ನವರನ್ನಷ್ಟೇ ಒಳಗಿಟ್ಟುಕೊಂಡು ಬಾಗಿಲು ಹಾಕಿಕೊಳ್ಳುವ ಸಮುದಾಯವೂ ಅವನಿಗೆ ಒಗ್ಗಲಿಲ್ಲ.

1949ರಲ್ಲಿ ಪ್ಯಾರಿಸ್ಸಿಗೆ ಬಂದ ಡೆರಿಡಾ 1952ರಲ್ಲಿ ಎಕೋಲ್ ನಾರ್ಮಾಲ್ ಸುಪೀರಿಯರ್ ಸೇರಿದ. 1967ರಲ್ಲಿ ಒಟ್ಟಿಗೇ ಪ್ರಕಟವಾದ ಮೂರು ಗ್ರಂಥಗಳು ಅವನಿಗೆ ಖ್ಯಾತಿ ತಂದವು. ಅವುಗಳಲ್ಲೊಂದನ್ನು ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1976ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ನಿರಚನವು ಬರಿಯ ಶಬ್ದಕ್ರೀಡೆ, ರಾಜಕೀಯ ಹೊಣೆಯಿಲ್ಲದ ಬೌದ್ಧಿಕ ವಿಲಾಸ ಎಂಬ ಆಕ್ಷೇಪ ಅವನನ್ನು ಕೊನೆಯವರೆಗೂ ಬೆನ್ನಟ್ಟಿತು. ಆದರೆ 1981ರ ಡಿಸೆಂಬರಿನಲ್ಲಿ, ಪ್ರಭುತ್ವದ ಅವಕೃಪೆಗೆ ಪಾತ್ರರಾಗಿದ್ದ ಚಿಂತಕರಿಗಾಗಿ ಗುಪ್ತ ವಿಚಾರಗೋಷ್ಠಿ ನಡೆಸಲು ಪ್ರಾಗ್‌ಗೆ ಹೋದವನು ಇವನೇ. ಮಾದಕವಸ್ತು ಸಾಗಣೆಯ ಸುಳ್ಳು ಆರೋಪದ ಮೇಲೆ ಅಲ್ಲಿ ಬಂಧಿತನಾದ ಅವನು ಫ್ರೆಂಚ್ ಸರ್ಕಾರದ ಮಧ್ಯಪ್ರವೇಶದಿಂದ ಬಿಡುಗಡೆಗೊಂಡ.

1990ರ ದಶಕದಿಂದ ಪ್ರಜಾಪ್ರಭುತ್ವದ ಪ್ರಶ್ನೆ ಅವನ ಬರಹದ ಮುನ್ನೆಲೆಗೆ ಬಂದಿತು. ಸಮಾನತೆ ಎಲ್ಲರನ್ನೂ ಎಣಿಕೆಗೆ ತರಬೇಕೆನ್ನುತ್ತದೆ. ಸ್ವಾತಂತ್ರ್ಯವಾದರೋ ಪ್ರತಿಯೊಬ್ಬನೂ ಎಣಿಕೆಗೆ ಸಿಗದ ಅನನ್ಯನೆನ್ನುತ್ತದೆ. ಇವೆರಡೂ ಅಗತ್ಯ, ಇವೆರಡೂ ಪೂರ್ಣವಾಗಿ ಹೊಂದಿಕೊಳ್ಳಲಾರವು. ಸ್ನೇಹದ ರಾಜಕಾರಣವನ್ನು ಕುರಿತ 1994ರ ಗ್ರಂಥದಲ್ಲಿ ಅವನು ಭ್ರಾತೃತ್ವವೆಂಬ ಆದರ್ಶವನ್ನೇ ಪರೀಕ್ಷೆಗೆ ಒಡ್ಡಿದ: ಪೌರರೆಲ್ಲರೂ ಸಹೋದರರೆಂದಾಗ ಹೆಣ್ಣೂ ಪರಕೀಯನೂ ಎಲ್ಲಿ ನಿಲ್ಲಬೇಕು?

ಈ ಪ್ರಶ್ನೆಗೆ ತವರು ನೆಲವೇ ಕಠಿಣವಾದ ಉದಾಹರಣೆ ಒದಗಿಸಿತು. 1992ರ ಜನವರಿಯಲ್ಲಿ, ಇಸ್ಲಾಮೀ ಪಕ್ಷವೊಂದು ಗೆಲ್ಲುವುದು ಖಚಿತವೆನಿಸಿದಾಗ, ಆಲ್ಜೀರಿಯಾದಲ್ಲಿ ಚುನಾವಣೆಯ ಎರಡನೆಯ ಸುತ್ತನ್ನು ರದ್ದುಪಡಿಸಲಾಯಿತು. ಪ್ರಜಾಪ್ರಭುತ್ವದ ಉಳಿವಿಗಾಗಿ ಪ್ರಜಾಪ್ರಭುತ್ವವನ್ನೇ ತಡೆಹಿಡಿಯುವ ಈ ಸ್ಥಿತಿಯನ್ನು ಡೆರಿಡಾ 2003ರ ಗ್ರಂಥದಲ್ಲಿ, ದೇಹದ ರಕ್ಷಣಾವ್ಯವಸ್ಥೆಯು ದೇಹದ ಮೇಲೆಯೇ ತಿರುಗಿಬೀಳುವ ರೋಗಕ್ಕೆ ಹೋಲಿಸಿದ. ತನ್ನ ಶತ್ರುವಿಗೂ ಮತ ನೀಡುವ, ತನ್ನನ್ನೇ ಬಹಿರಂಗವಾಗಿ ವಿಮರ್ಶಿಸಲು ಅವಕಾಶ ಕೊಡುವ ಗುಣವೇ ಈ ವ್ಯವಸ್ಥೆಯ ಶಕ್ತಿ. ಅಪಾಯವೂ ಅಲ್ಲಿಯೇ ಇದೆ.

ಆದ್ದರಿಂದಲೇ ಅವನು ಬರಲಿರುವ ಪ್ರಜಾಪ್ರಭುತ್ವವೆಂಬ ಪರಿಕಲ್ಪನೆಯನ್ನು ರೂಪಿಸಿದ. ಅದು ಮುಂದೊಂದು ದಿನ ಕೈಸೇರುವ ರಾಮರಾಜ್ಯವಲ್ಲ. ನ್ಯಾಯವನ್ನು ನಾಳೆಗೆ ಮುಂದೂಡುವ ಸಮಾಧಾನವೂ ಅಲ್ಲ. ಇರುವ ಯಾವ ವ್ಯವಸ್ಥೆಯೂ ತಾನು ಪೂರ್ಣವೆಂದು ಹೇಳಿಕೊಳ್ಳದಂತೆ ಇಂದೇ ಎಚ್ಚರಿಸುವ ಒತ್ತಾಯವದು. ಇದರಿಂದ ಸಿದ್ಧ ಕಾರ್ಯಕ್ರಮವೇನೂ ದೊರೆಯದೆಂಬ ಟೀಕೆಯಲ್ಲಿ ಸತ್ಯವಿದೆ. ಆದರೆ ಒಂದು ಆಜ್ಞೆಯಿಂದ ಪೌರತ್ವ ಕಳೆದುಕೊಂಡು ಇನ್ನೊಂದರಿಂದ ಅದನ್ನು ಮರಳಿ ಪಡೆದವನಿಗೆ, ಪಟ್ಟಿಯಿಂದ ಹೊರಗುಳಿದವರು ಯಾರೆಂಬ ಪ್ರಶ್ನೆ ಎಂದೂ ಮುಗಿದುಹೋಗುವಂಥದಾಗಿರಲಿಲ್ಲ. 2004ರ ಅಕ್ಟೋಬರ್ 9ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ ಡೆರಿಡಾ ಪ್ರಜಾಪ್ರಭುತ್ವದ ಚಿಂತನೆಗೆ ಬಿಟ್ಟುಹೋದದ್ದು ಆ ಪ್ರಶ್ನೆಯನ್ನೇ.