ಕ್ಲೇನಿಯವರ ನಕ್ಷತ್ರ

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುವ ಕೊನೆಯ ದಿನ, ಅದು ನನ್ನ ಹೆಸರನ್ನೇ ಮೂರು ಸಲ ತಿರಸ್ಕರಿಸಿತು. ಓದುಬರಹವರಿಯದ ನನ್ನ ತಂದೆ, ತಾವಿಟ್ಟ ಹೆಸರಿನಲ್ಲಿಯೇ ಏನೋ ದೋಷವಿರಬೇಕೆಂದು ಮುಖ ಸಣ್ಣದು ಮಾಡಿಕೊಂಡರು. ಆಗ ನಮ್ಮ ಅಧ್ಯಾಪಕರೊಬ್ಬರು ಬಂದು ಇನಿಷಿಯಲ್ಲಿನ ಮುಂದಿದ್ದ ಚುಕ್ಕಿಯನ್ನು ಅಳಿಸಿದರು, ಅರ್ಜಿ ಸಾಗಿತು. ಹೆಸರೆಂದರೆ ಅಕ್ಷರ ಮತ್ತು ತೆರಪು ಮಾತ್ರವೆಂದು ಯಾರೋ ಬರೆದಿಟ್ಟ ಮಾದರಿಯೊಂದು ಅಲ್ಲಿ ಕಾವಲು ನಿಂತಿದ್ದಿತು. ಇಂಥ ಮಾದರಿಗೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಹೆಸರು. ಅದರ ಮೂಲಪುರುಷರನ್ನು ಹುಡುಕಿ ಹೊರಟ ನನಗೆ ದೊರೆತವರು ಸ್ಟೀಫನ್ ಕೋಲ್ ಕ್ಲೇನಿ.

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1909ರಲ್ಲಿ ಅವರ ಜನನ. ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು, ತಾಯಿ ಕವಯಿತ್ರಿ. ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರ ಶಿಷ್ಯರಾಗಿ 1934ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದ ಸೇವೆ ಸಲ್ಲಿಸಿದರು. ಬೆಟ್ಟ ಹತ್ತುವುದೆಂದರೆ ಅವರಿಗೆ ಬಲು ಪ್ರೀತಿ.

1951ರ ಬೇಸಗೆಯಲ್ಲಿ ರ್‍ಯಾಂಡ್ ಸಂಸ್ಥೆಯಲ್ಲಿದ್ದಾಗ, ನರಜಾಲಗಳನ್ನು ಕುರಿತು ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ಬರೆದ ಪ್ರಬಂಧವನ್ನು ಅವರು ಓದಿದರು. ಮಿತವಾದ ನೆನಪುಳ್ಳ ಯಂತ್ರ ಎಂಥ ಮಾದರಿಗಳನ್ನು ಗುರುತಿಸಬಲ್ಲದು ಎಂಬುದೇ ಅವರ ಪ್ರಶ್ನೆ. ಒಂದರ ಮುಂದೊಂದು ಇಡುವುದು, ಇದು ಇಲ್ಲವೆ ಅದು ಎನ್ನುವುದು, ಬೇಕಾದಷ್ಟು ಸಲ ಮರುಕಳಿಸುವುದು—ಈ ಮೂರರಿಂದ ಕಟ್ಟಬಹುದಾದುದನ್ನು ಮಾತ್ರ, ಆದರೆ ಅದೆಲ್ಲವನ್ನೂ, ಎಂದು ಅವರು ಸಾಧಿಸಿದರು. ಮರುಕಳಿಕೆಗೆ ಅವರಿತ್ತ ಗುರುತು ಒಂದು ನಕ್ಷತ್ರ. ಹೊಲದಿಂದ ನನ್ನನ್ನು ಕರೆಯುವ ನಮ್ಮ ತಾಯಿ ಬಾ ಎಂದಾರು, ಬಾಆ ಎಂದಾರು, ಬಾಆಆಆ ಎಂದಾರು. ಬಾ ಎಂದು ಬರೆದು, ಮುಂದೆ ಆ ಇಟ್ಟು, ಆ ಕಾರಕ್ಕೆ ನಕ್ಷತ್ರ ಹಚ್ಚಿದರೆ ಆ ಕರೆಗಳೆಲ್ಲವೂ ಒಂದೇ ಮಾದರಿಯಲ್ಲಿ ಅಡಗುವುವು. ಆ ಒಮ್ಮೆಯೂ ಬಾರದಿದ್ದರೂ ಸರಿಯೆ.

ಆ ಪ್ರಬಂಧ 1956ರಲ್ಲಿ ಅಚ್ಚಾಯಿತು. ಕೆನ್ ಥಾಂಪ್ಸನ್ ಎಂಬುವರು 1968ರಲ್ಲಿ, ಅಂಥ ಮಾದರಿಗಳಿಂದ ಬರಹದಲ್ಲಿ ಬೇಕಾದುದನ್ನು ಹುಡುಕುವ ಕ್ರಮವನ್ನು ಕಂಪ್ಯೂಟರಿಗೆ ಅಳವಡಿಸಿ ಪ್ರಕಟಿಸಿದರು. ಇಂದು ಜಾಲತಾಣಗಳಲ್ಲಿ ಪಿನ್‌ಕೋಡಿಗೆ 6 ಅಂಕಿಗಳಿವೆಯೆ, ಮೊಬೈಲ್ ಸಂಖ್ಯೆಗೆ 10 ಇವೆಯೆ ಎಂದು ನೋಡುವುದು ಅದೇ ಉಪಾಯದಿಂದ. ಕ್ಲೇನಿಯವರು 1994ರಲ್ಲಿ ಮ್ಯಾಡಿಸನ್ನಿನಲ್ಲಿ ತೀರಿಕೊಂಡಾಗ ಜಾಲತಾಣಗಳಿನ್ನೂ ಎಳೆಗೂಸು. ತಮ್ಮ ನಕ್ಷತ್ರ ಎಲ್ಲೆಲ್ಲಿ ಮಿನುಗೀತೆಂಬುದನ್ನು ಅವರು ಕಾಣಲಿಲ್ಲ.

ನನ್ನ ಅರ್ಜಿಯ ತೊಡಕು ಅವರ ಗಣಿತದ ತಪ್ಪಲ್ಲ. ಬರೆದವನು ಕಂಡಷ್ಟು ಹೆಸರುಗಳನ್ನೇ ಮಾದರಿಯೂ ಕಾಣುತ್ತದೆ. ನಾಳೆ ನಮ್ಮಲ್ಲಿ ಯಾರಾದರೂ ಅಂಥ ಮಾದರಿ ಬರೆಯಲು ಕುಳಿತಾಗ, ಒಂದು ಚುಕ್ಕಿಗೂ ಎಡೆ ಕೊಡಲೆಂದು ಆಶಿಸುತ್ತೇನೆ. ಹೆಸರಿನಲ್ಲಿ ದೋಷವಿರಲಿಲ್ಲವೆಂದು ನನ್ನ ತಂದೆಗೆ ನಾನು ಆಗಲೇ ತಿಳಿಸಿದ್ದೇನೆ.