ಮತದ ಬೆಲೆಯರಿತ ಮಹಿಳೆ

ಮತಗಟ್ಟೆಯ ಸಾಲಿನಲ್ಲಿ ನಿಲ್ಲಲು ನಾವು ಬೇಸರಪಡುವುದುಂಟು. ಆ ಸಾಲಿನಲ್ಲಿ ನಿಲ್ಲುವ ಹಕ್ಕಿಗಾಗಿಯೇ ಕಾಲು ಶತಮಾನ ಹೋರಾಡಿದ ಜಪಾನಿನ ಫುಸಾಯೆ ಇಚಿಕಾವಾ ಅವರನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

ಆಕೆ 1893ರಲ್ಲಿ ಐಚಿ ಪ್ರಾಂತದ ರೈತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮಕ್ಕಳ ವಿದ್ಯೆಗೆ ಒತ್ತಾಸೆಯಾಗಿದ್ದರು. ಆದರೆ ತಾಯಿಯ ಮೇಲೆ ಕೈಮಾಡುತ್ತಿದ್ದರು. ಹೆಣ್ಣಿನ ಬಾಳು ಹೀಗೇಕೆಂಬ ಪ್ರಶ್ನೆ ಮಗಳ ಮನಸ್ಸಿನಲ್ಲಿ ಅಂದೇ ಬೇರೂರಿತು. ಉಪಾಧ್ಯಾಯಿನಿಯಾಗಿಯೂ ಪತ್ರಿಕಾ ವರದಿಗಾರ್ತಿಯಾಗಿಯೂ ದುಡಿದು ಆಕೆ ಟೋಕಿಯೋ ಸೇರಿದರು. ಆ ಕಾಲದಲ್ಲಿ ಸ್ತ್ರೀಯರು ರಾಜಕೀಯ ಸಭೆಗೆ ಹೋಗುವುದೂ ಅಪರಾಧವಾಗಿತ್ತು. ಹಿರಾತ್ಸುಕಾ ರೈಚೋ ಅವರೊಡನೆ ಆಕೆ ಕಟ್ಟಿದ ಮಹಿಳಾ ಸಂಘದ ಪ್ರಯತ್ನದಿಂದ 1922ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಅಮೆರಿಕೆಯಿಂದ ಮರಳಿದ ಮೇಲೆ, 1924ರಲ್ಲಿ, ಮತದಾನದ ಹಕ್ಕಿಗಾಗಿ ಹೋರಾಟದ ಸಂಸ್ಥೆ ಸ್ಥಾಪನೆಯಾಯಿತು.

ರಾಷ್ಟ್ರದ ಮತ ದೊರೆಯುವ ಮೊದಲು ಊರಿನ ಆಡಳಿತದಲ್ಲಾದರೂ ಸ್ತ್ರೀಯರಿಗೆ ಪಾಲಿರಲಿ ಎಂದು ಕೇಳಿದರು. 1930ರಲ್ಲಿ ಕೆಳಮನೆ ಒಪ್ಪಿತು. ಮೇಲ್ಮನೆಯಲ್ಲಿ ಮಸೂದೆ ದಡ ಸೇರಲಿಲ್ಲ. ಆದರೂ ಮತವಿಲ್ಲದ ಆ ಮಹಿಳೆಯರು ಸುಮ್ಮನೆ ಕೂರಲಿಲ್ಲ. ಟೋಕಿಯೋ ನಗರದ ಕಸದ ವಿಲೇವಾರಿ, ಮಾರುಕಟ್ಟೆ, ನಗರಸಭೆಯ ಭ್ರಷ್ಟತೆ ಇವನ್ನೇ ಹಿಡಿದು ಚಳವಳಿ ನಡೆಸಿದರು. ಮನೆಯೊಲೆಗೂ ರಾಜಕೀಯಕ್ಕೂ ಇರುವ ನಂಟನ್ನು ಹೀಗೆ ತೋರಿಸಿಕೊಟ್ಟರು.

ಆಕೆಯ ಬಾಳಿನ ಒಂದು ಕಲೆಯನ್ನು ಮರೆಮಾಚುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಯುದ್ಧಕಾಲದಲ್ಲಿ ಆಕೆ ಸರಕಾರದ ಪ್ರಚಾರ ಸಂಸ್ಥೆಗಳಿಗೆ ಕೈಜೋಡಿಸಿದರು. 1945ರಲ್ಲಿ ಸ್ತ್ರೀಯರಿಗೆ ಮತ ದೊರೆಯಿತು. ಮರುವರ್ಷದ ಚುನಾವಣೆಯಲ್ಲಿ 39 ಮಹಿಳೆಯರು ಗೆದ್ದರು. ಆದರೆ ಹೊಸ ಮೇಲ್ಮನೆಗೆ ಮೊದಲ ಚುನಾವಣೆ ನಡೆದ 1947ರಲ್ಲಿ, ಆ ಯುದ್ಧಕಾಲದ ನಡತೆಗಾಗಿಯೇ, ಆಕೆಯನ್ನು ಸಾರ್ವಜನಿಕ ಜೀವನದಿಂದ ದೂರವಿಡಲಾಯಿತು. ದುಡಿದವರಿಗೆ ಫಲದ ದಿನ ಬಾಗಿಲು ಮುಚ್ಚಿತ್ತು. ನಿರ್ಬಂಧ ತೆರವಾದದ್ದು 1950ರಲ್ಲಿ.

1953ರಲ್ಲಿ ಟೋಕಿಯೋ ಕ್ಷೇತ್ರದಿಂದ, ಯಾವ ಪಕ್ಷಕ್ಕೂ ಸೇರದೆ, ಅತ್ಯಲ್ಪ ವೆಚ್ಚದಲ್ಲಿ ಗೆದ್ದು ಮೇಲ್ಮನೆ ಪ್ರವೇಶಿಸಿದರು. ಹಣಬಲದ ಚುನಾವಣೆಯನ್ನು ಕೊನೆಯವರೆಗೂ ವಿರೋಧಿಸಿದರು. 1971ರಲ್ಲಿ ಸೋತರು, ತರುಣರ ಒತ್ತಾಯಕ್ಕೆ ಮಣಿದು 1974ರಲ್ಲಿ ಮತ್ತೆ ನಿಂತು ಗೆದ್ದರು. ಅದೇ ವರ್ಷ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮಂಗಳೂರಿನಲ್ಲಿ ಜನಿಸಿದ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ 1966ರಲ್ಲಿ ಸಂದದ್ದೂ ಇದೇ ಪ್ರಶಸ್ತಿಯೆಂಬುದು ನಮಗೆ ಹೆಮ್ಮೆ. 1980ರಲ್ಲಿ, 87ರ ವಯಸ್ಸಿನಲ್ಲಿ, ಆಕೆ 27 ಲಕ್ಷಕ್ಕೂ ಮಿಕ್ಕ ಮತ ಪಡೆದು ರಾಷ್ಟ್ರೀಯ ಕ್ಷೇತ್ರದಲ್ಲಿ ಎಲ್ಲರಿಗಿಂತ ಮುಂದೆ ನಿಂತರು. 1981ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರಿನ್ನೂ ಸದಸ್ಯೆಯೇ ಆಗಿದ್ದರು.

ಕಸದ ಬುಟ್ಟಿಯಿಂದ ಸಂಸತ್ತಿನವರೆಗೆ ಒಂದೇ ದಾರಿ ಎಂದು ಬದುಕಿ ತೋರಿಸಿದ ಆ ಹಿರಿಯಳಿಗೆ ನಮ್ಮ ನಮನ. ಹೊಟ್ಟೆಪಾಡಿಗಾಗಿ ಪರಸ್ಥಳದಲ್ಲಿ ನೆಲೆಸಿರುವ ನಾವು, ನೆಲೆಸಿದ ಊರಿನ ಚುನಾವಣೆಯ ದಿನ ಮನೆಯಲ್ಲಿ ಕುಳಿತಿರದಿದ್ದರೆ ಆ ನಮನ ಸಾರ್ಥಕ.