ಮೈದಾನ ಕಿತ್ಕೊಂಡ್ರೂ ಆಟ ಬಿಡದ ಲಿಲಿ ಪಾರ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಕಾಲೇಜಿಗೆ ಬಂದ ನಮಗೆ ಕಬಡ್ಡಿ ಗೊತ್ತು, ಕುಸ್ತಿ ಗೊತ್ತು. ರಗ್ಬಿ ಲೀಗ್ ಅಂದ್ರೆ ಅಷ್ಟಾಗಿ ಗೊತ್ತಿಲ್ಲ. ಒಂದು ತಂಡಕ್ಕೆ 13 ಜನ. ಚೆಂಡನ್ನ ಅವುಚಿಕೊಂಡು ಓಡಿ ಎದುರಾಳಿಯ ಗೆರೆ ದಾಟಬೇಕು. ಅವರು ನಾವು ರೈಡರ್‌ನ ಹಿಡಿದ ಹಾಗೇ ಹಿಡಿದು ಕೆಡವ್ತಾರೆ.

ಈ ಆಟದ ಹುಚ್ಚಿರೋ ಊರುಗಳಲ್ಲಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಒಂದು. ಗಾಜಿನ ಕಾರ್ಖಾನೆಗಳ ಊರು. ಅಲ್ಲಿನ ಕೂಲಿಕಾರನೊಬ್ಬನ ಮನೆಯಲ್ಲಿ 1905ರ ಏಪ್ರಿಲ್ 26ರಂದು ಲಿಲಿ ಪಾರ್ ಹುಟ್ಟಿದಳು. ಹೊಲಿಗೆ, ಅಡುಗೆ ಯಾವುದರಲ್ಲೂ ಮನಸ್ಸಿಲ್ಲ. ಅಣ್ಣಂದಿರ ಜೊತೆ ಬೀದಿಯಲ್ಲಿ ರಗ್ಬಿ, ಫುಟ್‌ಬಾಲ್ ಎರಡನ್ನೂ ಆಡಿ ಬೆಳೆದಳು. ಅವಳ ಎಡಗಾಲಿನ ಒದೆತಕ್ಕೆ ಆ ಬೀದಿಯಲ್ಲೇ ಬಲ ಬಂತು. ಹುಡುಗಿಯರಿಗೆ ರಗ್ಬಿ ತಂಡ ಇರಲಿಲ್ಲ, ಫುಟ್‌ಬಾಲ್ ತಂಡ ಇತ್ತು. ಅದಕ್ಕೆ ಕಾರಣ ಒಂದು ಎಂಜಿನಿಯರಿಂಗ್ ಕಾರ್ಖಾನೆ.

ಪ್ರೆಸ್ಟನ್ ಊರಿನ ಡಿಕ್, ಕರ್ ಕಂಪನಿ ಟ್ರಾಮು, ರೈಲು ಎಂಜಿನ್ ಮಾಡ್ತಿತ್ತು. ಮುಂದೆ ಇಂಗ್ಲಿಷ್ ಎಲೆಕ್ಟ್ರಿಕ್‌ನಲ್ಲಿ ಸೇರಿಹೋದ ಕಂಪನಿ ಇದೇ. ಮೊದಲ ಮಹಾಯುದ್ಧದಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಹೆಣ್ಣುಮಕ್ಕಳು ಬಂದು ಮದ್ದುಗುಂಡು ತಯಾರಿಸಿದರು. ಊಟದ ಬಿಡುವಿನಲ್ಲಿ ಚೆಂಡು ಒದೀತಿದ್ದ ಇವರದ್ದೇ ತಂಡ ಕಟ್ಟಿದವನು ಆಫೀಸಿನ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್. 1917ರ ಕ್ರಿಸ್ಮಸ್ ದಿನ ಇವರು ಆಡಿದ ಪಂದ್ಯಕ್ಕೆ 10,000 ಜನ ಬಂದಿದ್ದರು. ಟಿಕೆಟ್ ದುಡ್ಡು ಗಾಯಾಳು ಸೈನಿಕರ ಆಸ್ಪತ್ರೆಗೆ ಹೋಯಿತು.

1920ರಲ್ಲಿ, ಇನ್ನೂ ಹದಿಹರೆಯದ ಲಿಲಿಯನ್ನ ಫ್ರಾಂಕ್‌ಲ್ಯಾಂಡ್ ಈ ತಂಡಕ್ಕೆ ಕರೆತಂದ. ಕಾರ್ಖಾನೆಯಲ್ಲಿ ಕೆಲಸ, ಪಂದ್ಯಕ್ಕೆ 10 ಶಿಲ್ಲಿಂಗ್ ಖರ್ಚಿನ ಹಣ. ಅದರ ಜೊತೆಗೆ ವುಡ್‌ಬೈನ್ ಸಿಗರೇಟು ಕೇಳಿ ಪಡೀತಿದ್ದಳು ಅಂತ ಕತೆ ಇದೆ. ಅದು ವರ್ಜೀನಿಯಾ ತಂಬಾಕಿನ ಸಿಗರೇಟು, ಅಂದ್ರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಬೇಯೋ ಸೊಪ್ಪಿನ ಜಾತಿಯದ್ದು! ಆಳು ಸುಮಾರು ಆರಡಿ. ನೆನೆದು ಭಾರವಾದ ಚರ್ಮದ ಚೆಂಡನ್ನೂ ಮೈದಾನದ ಅಂಚಿನಿಂದ ನೇರ ಗೋಲಿನ ಮುಂದಕ್ಕೆ ಕಳಿಸ್ತಿದ್ದಳು. ಮೊದಲ ಸೀಸನ್ನಿನಲ್ಲೇ 43 ಗೋಲು ಹೊಡೆದಳು ಅಂತಾರೆ.

1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕರ್ ಹುಡುಗಿಯರು ಲಿಲಿಯ ಊರಿನ ತಂಡದ ವಿರುದ್ಧವೇ ಆಡಿ 4–0ಯಿಂದ ಗೆದ್ದರು. ಒಳಗೆ 53,000 ಜನ. ಜಾಗ ಸಿಗದೆ ಹೊರಗೆ ಉಳಿದವರು ಇನ್ನೂ ಸಾವಿರಾರು.

ಜನ ಬರ್ತಿದ್ದಾರೆ, ದುಡ್ಡು ಬರ್ತಿದೆ, ಆಟ ಚೆನ್ನಾಗಿದೆ. ಹಾಗಾದ್ರೆ ಇನ್ನೇನು ಬೇಕು? ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಬೇರೆ ಲೆಕ್ಕ ಹಾಕಿತು. 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ದಾನಕ್ಕೆ ಅಂತ ಕೂಡಿಸಿದ ಹಣದಲ್ಲಿ ಖರ್ಚೇ ಜಾಸ್ತಿ ಹೋಗ್ತಿದೆ ಅಂತ ಕಾರಣ ಕೊಟ್ಟು, ತನ್ನ ಕ್ಲಬ್ಬುಗಳು ಹೆಣ್ಣುಮಕ್ಕಳಿಗೆ ಮೈದಾನ ಕೊಡಬಾರದು ಅಂತ ತೀರ್ಮಾನಿಸಿತು. ಗಮನಿಸಿ, ಆಟ ಆಡಬೇಡಿ ಅಂತ ಯಾರೂ ಕಾನೂನು ಮಾಡಲಿಲ್ಲ. ಜಾಗ ಕಿತ್ಕೊಂಡ್ರು, ಅಷ್ಟೇ. ಗ್ಯಾಲರಿ ಇಲ್ಲ ಅಂದ್ರೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲ ಅಂದ್ರೆ ತಂಡ ಇಲ್ಲ. ಎಷ್ಟೋ ತಂಡಗಳು ಹಾಗೇ ಮುಚ್ಚಿಹೋದವು.

ಲಿಲಿ ಮಾತ್ರ ನಿಲ್ಲಿಸಲಿಲ್ಲ. 1922ರಲ್ಲಿ ತಂಡ ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳ ಎದುರೇ ಆಡಿತು, ಕೆಲವು ಪಂದ್ಯ ಗೆದ್ದೂ ಬಂತು. 1926ರಲ್ಲಿ ಕಾರ್ಖಾನೆಯ ಆಸರೆ ತಪ್ಪಿದ ಮೇಲೆ ತಂಡಕ್ಕೆ ಪ್ರೆಸ್ಟನ್ ಲೇಡೀಸ್ ಅಂತ ಹೆಸರಾಯ್ತು. ಲಿಲಿ ವಿಟಿಂಗಮ್ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆಗಿ ಹೊಟ್ಟೆ ಹೊರೆದುಕೊಂಡಳು. ರೋಗಿಗಳ ಸೇವೆ ಒಂದು ಕಡೆ, ಸಿಕ್ಕಿದ ಪಾರ್ಕಿನಲ್ಲಿ ಆಟ ಇನ್ನೊಂದು ಕಡೆ. ಹೀಗೆ 1951ರವರೆಗೆ, ಅಂದ್ರೆ 46ನೇ ವಯಸ್ಸಿನವರೆಗೆ ಆಡಿದಳು. ಒಟ್ಟು ಗೋಲು 900 ದಾಟಿತ್ತು ಅನ್ನೋದು ಸಾಮಾನ್ಯ ಅಂದಾಜು.

ಆ ನಿಷೇಧ ತೆರವಾಗಿದ್ದು 1971ರಲ್ಲಿ, 50 ವರ್ಷದ ಮೇಲೆ. ಅಷ್ಟರಲ್ಲಿ ಲಿಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. 1978ರ ಮೇ 24ರಂದು ತೀರಿಕೊಂಡಳು. 2002ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಮ್ಯೂಸಿಯಂ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡ ಮೊದಲ ಮಹಿಳೆ ಅವಳೇ. 2019ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅವಳ ಪ್ರತಿಮೆ ನಿಂತಿತು. 2023ರಲ್ಲಿ ಮಹಿಳೆಯರ ರಗ್ಬಿ ಲೀಗ್ ಚಾಲೆಂಜ್ ಕಪ್ ಫೈನಲ್ ಮೊದಲ ಸಲ ವೆಂಬ್ಲಿ ಸ್ಟೇಡಿಯಂನಲ್ಲಿ ನಡೆದಾಗ ಗೆದ್ದವರು ಯಾರು ಗೊತ್ತಾ? ಸೇಂಟ್ ಹೆಲೆನ್ಸ್ ಹುಡುಗಿಯರು. ಲಿಲಿಗೆ ಸಿಗದೇ ಹೋದ ತಂಡ ಅದು.

ಹೆಣ್ಣುಮಕ್ಕಳ ಆಟಕ್ಕೆ ಜನ ಬರಲ್ಲ, ಅದಕ್ಕೇ ಸೌಲಭ್ಯ ಇಲ್ಲ ಅಂತ ನಾವೂ ಸುಲಭವಾಗಿ ಹೇಳಿಬಿಡ್ತೀವಿ. ಗುಡಿಸನ್ ಪಾರ್ಕ್‌ನ 53,000 ಜನ ಆ ಮಾತನ್ನ ಒಪ್ಪಲ್ಲ. ನಮ್ಮ ತಾಲ್ಲೂಕುಗಳಿಂದ ಬಂದ ಹುಡುಗಿಯರಲ್ಲಿ ಹೈಸ್ಕೂಲಲ್ಲಿ ಕಬಡ್ಡಿ, ಖೋ-ಖೋ ಆಡಿದವರು ನಿಮ್ಮ ಕ್ಲಾಸಲ್ಲೂ ಇರ್ತಾರೆ. ಕಾಲೇಜಿಗೆ ಬಂದ ಮೇಲೆ ಅವರು ಯಾಕೆ ಆಡ್ತಿಲ್ಲ ಅಂತ ಕೇಳೋ ಮೊದಲು, ಸಂಜೆ ಗ್ರೌಂಡ್ ಯಾರ ಕೈಯಲ್ಲಿದೆ ಅಂತ ಒಂದ್ಸಲ ನೋಡಿ.